ಮೇಷ್ಟ್ರ ಸಂಬಳದ ಮೇಲೆ ಊರ ಕಣ್ಣು

ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ಎಷ್ಟೆಂಬುದು ಅವರ ಮನೆಯವರಿಗೆ ಸರಿಯಾಗಿ ಗೊತ್ತಿರದಿದ್ದರೂ ಊರಿಗೆ ಗೊತ್ತಿರುತ್ತದೆ. ಅದೂ ಇರುವುದಕ್ಕಿಂತ ಇಪ್ಪತ್ತು ಮೂವತ್ತು ಸಾವಿರ ಹೆಚ್ಚಾಗಿಯೇ ಗೊತ್ತಿರುತ್ತದೆ. ಟೀ ಅಂಗಡಿಯ ಬೆಂಚು, ಮದುವೆ ಮನೆಯ ಪಂಕ್ತಿ, ಬಸ್ಸಿನ ಹಿಂದಿನ ಸೀಟು, ಎಲ್ಲಿ ಕೂತರೂ ಒಂದೇ ರಾಗ: ‘ಲಕ್ಷದ ಹತ್ತಿರ ಎಣಿಸ್ತಾರೆ ಕಣ್ರೀ. ಹತ್ತಕ್ಕೆ ಬರ್ತಾರೆ, ನಾಲ್ಕಕ್ಕೆ ಬೈಕ್ ಹತ್ತುತಾರೆ, ಅರ್ಧ ವರ್ಷ ರಜೆ. ತಮ್ಮ ಮಕ್ಕಳನ್ನ ಮಾತ್ರ ಕಾನ್ವೆಂಟಿಗೆ ಕಳಿಸ್ತಾರೆ. ಆ ಕಾನ್ವೆಂಟಿನ ಮಿಸ್ಸು ಹತ್ತು ಸಾವಿರಕ್ಕೆ ಇವರಪ್ಪನಂಗೆ ಪಾಠ ಮಾಡ್ತಾಳೆ.’ ಇದೇ ಮಾತು ಪತ್ರಿಕೆಯ ಅಂಕಣಕ್ಕೆ ಬಂದಾಗ ಪಂಚೆ ಬಿಚ್ಚಿ ಪ್ಯಾಂಟು ತೊಡುತ್ತದೆ. ಅಲ್ಲಿ ಅದಕ್ಕೆ ವೇತನ ವೆಚ್ಚದ ಹೊರೆ, ಉತ್ಪಾದಕತೆಯ ಕೊರತೆ ಎಂಬ ಹೆಸರು. ಇಲಾಖೆಯ ಹಣದಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ, ಮಕ್ಕಳಿಗೆ ಮಾತ್ರ ಭಾಗಾಕಾರ ಬರುವುದಿಲ್ಲ, ಆದ್ದರಿಂದ ಮೇಷ್ಟ್ರಿಗೆ ಕೊಡುತ್ತಿರುವುದು ದಂಡ ಎಂಬ ತೀರ್ಮಾನ.

ಈ ತೀರ್ಮಾನ ತಪ್ಪು. ಬರೀ ತಪ್ಪಾಗಿದ್ದರೆ ಕೇಳಿಸಿಕೊಂಡು ಟೀ ಕುಡಿದು ಎದ್ದು ಹೋಗಬಹುದಿತ್ತು. ಇದರಿಂದ ಲಾಭ ಪಡೆಯುವವರಿದ್ದಾರೆ. ಮೇಷ್ಟ್ರ ಸಂಬಳ ಜಾಸ್ತಿಯಾಯಿತೆಂದು ಊರು ಗೊಣಗುತ್ತಿರುವಷ್ಟು ಕಾಲ, ಮೇಷ್ಟ್ರನ್ನು ನೇಮಿಸದೆಯೇ ವರ್ಷ ದೂಡುವ ಸರ್ಕಾರವನ್ನು ಕೇಳುವವರೇ ಇರುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಹೊಸ ವೇತನ ಕೈಗೆ ಬಂತು. ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಹೊಸದಾಗಿ ಸೇರುವ ಪ್ರಾಥಮಿಕ ಶಾಲಾ ಶಿಕ್ಷಕರ ಮೂಲವೇತನ ಸುಮಾರು 41 ಸಾವಿರ. ತುಟ್ಟಿಭತ್ಯೆ, ಹಳ್ಳಿಯ ದರದ ಮನೆ ಬಾಡಿಗೆ ಭತ್ಯೆ ಕೂಡಿಸಿದರೆ ಐವತ್ತರ ಆಸುಪಾಸು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರೆಲ್ಲ ಹೊಸ ಪಿಂಚಣಿಯ ಎನ್‌ಪಿಎಸ್‌ನವರು. ಮೂಲವೇತನ, ತುಟ್ಟಿಭತ್ಯೆ ಎರಡರಲ್ಲೂ ಶೇ 10 ಅಲ್ಲಿಗೆ ಹೋಗುತ್ತದೆ. ಕೆಜಿಐಡಿ, ವೃತ್ತಿ ತೆರಿಗೆ ಎಲ್ಲ ಕಳೆದ ಮೇಲೆ ಉಳಿಯುವುದು ನಲವತ್ತೈದಕ್ಕಿಂತ ಕೊಂಚ ಕಡಿಮೆ. ಊರು ಹೇಳುವ ‘ಲಕ್ಷದ ಹತ್ತಿರ’ ಸೇವೆಯಲ್ಲಿ ಕೂದಲು ಬೆಳ್ಳಗಾದವರ ಸಂಬಳ. ಊರು ನಿವೃತ್ತಿಯ ಅಂಚಿನ ಮೇಷ್ಟ್ರ ಪೇ ಸ್ಲಿಪ್ಪನ್ನು ತಂದು ನಿನ್ನೆ ಸೇರಿದ ಟೀಚರಮ್ಮನ ಹಣೆಗೆ ಅಂಟಿಸುತ್ತದೆ.

ಈ ಸಂಬಳ ಕಡಿಮೆ ಎಂದು ನಾನು ವಾದಿಸುವುದಿಲ್ಲ. ಶಿಕ್ಷಕರ ಸಂಘದ ಮುಖಂಡರು ಹಾಗೆ ವಾದಿಸಲಿ, ಅದು ಅವರ ಕೆಲಸ. ಒಂದು ಸಂಸಾರ ಸಾಲಗಾರರ ಮುಖ ನೋಡದೆ ಬದುಕುವಷ್ಟು ಇದೆ, ಇಷ್ಟು ಇರಲೇಬೇಕು. ಹಾಗಿದ್ದೂ ಊರ ಕಣ್ಣು ಅಲ್ಲೇ ಯಾಕೆ ನೆಡುತ್ತದೆ? ಹಲವು ಹಳ್ಳಿಗಳಲ್ಲಿ ತಿಂಗಳು ತಿಂಗಳೂ ತಪ್ಪದೆ ಬರುವ, ಮಳೆಗೂ ಮಾರುಕಟ್ಟೆಗೂ ಹೆದರದ ಆದಾಯ ಇರುವುದು ಮೇಷ್ಟ್ರಿಗೆ, ಮತ್ತೆ ಬೆರಳೆಣಿಕೆಯ ಇನ್ನೊಬ್ಬಿಬ್ಬರಿಗೆ. ಈರುಳ್ಳಿ ಲಾರಿಗೆ ಹಾಕಿ ಯಶವಂತಪುರಕ್ಕೆ ಕಳಿಸಿದವನಿಗೆ ಲಾರಿ ಬಾಡಿಗೆಯೂ ಹುಟ್ಟದ ವರ್ಷದಲ್ಲಿ, ಎದುರು ಮನೆಯ ಮೇಷ್ಟ್ರ ಮೊಬೈಲಿಗೆ ಸಂಬಳದ ಮೆಸೇಜು ಬಂದರೆ ಸಂಕಟವಾಗುವುದು ಸಹಜ. ಸಂಕಟ ನಿಜ. ಆದರೆ ಈರುಳ್ಳಿಯ ಬೆಲೆ ಬೀಳಿಸಿದ್ದು ಮೇಷ್ಟ್ರಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇದು.

ಇನ್ನೊಂದು ಹೋಲಿಕೆಯನ್ನು ಯಾರೂ ಮಾಡುವುದಿಲ್ಲವಾದ್ದರಿಂದ ನಾನೇ ಮಾಡುತ್ತೇನೆ. 2018ರ ವೇತನ ಶ್ರೇಣಿಯಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರದೂ ಕಚೇರಿಯ ಪ್ರಥಮ ದರ್ಜೆ ಸಹಾಯಕರದೂ (ಎಫ್‌ಡಿಎ) ಒಂದೇ ಶ್ರೇಣಿ: 27,650–52,650. ಒಬ್ಬರಿಗೆ ಪದವಿ ಇದ್ದರೆ ಸಾಕು. ಇನ್ನೊಬ್ಬರಿಗೆ ಪದವಿಯ ಮೇಲೆ ಬಿಇಡಿ, ಅದರ ಮೇಲೆ ಟಿಇಟಿ, ಅದರ ಮೇಲೆ ಸಿಇಟಿ. ಎಫ್‌ಡಿಎಗೆ ಮುಂದೆ ಬಡ್ತಿಯ ಏಣಿ ಇದೆ. ಮೇಷ್ಟ್ರು ಮೇಷ್ಟ್ರಾಗಿ ಸೇರಿ, ಹೆಚ್ಚೆಂದರೆ ಮುಖ್ಯ ಶಿಕ್ಷಕರಾಗಿ, ಶಾಲು ಹೊದ್ದು ಮನೆಗೆ ಹೋಗುತ್ತಾರೆ. ಆದರೂ ತಾಲ್ಲೂಕು ಕಚೇರಿಯ ಎಫ್‌ಡಿಎಗೆ ಸಂಬಳ ಹೆಚ್ಚಾಯಿತೆಂದು ಯಾವ ಟೀ ಅಂಗಡಿಯಲ್ಲೂ ಚರ್ಚೆ ನಡೆದದ್ದಿಲ್ಲ. ಅಲ್ಲಿ ನಮ್ಮ ಕಡತ ಅವರ ಮೇಜಿನ ಮೇಲಿರುತ್ತದೆ, ಅದಕ್ಕೇ ನಮಸ್ಕಾರ ಹಾಕಿ ಬರುತ್ತೇವೆ. ಮೇಷ್ಟ್ರ ಕೈಯಲ್ಲಿ ನಮ್ಮ ಪಹಣಿ ಇಲ್ಲ. ಇರುವುದು ನಮ್ಮ ಮಕ್ಕಳು, ಅದೂ ಈಗೀಗ ಬಡವರ ಮಕ್ಕಳು ಮಾತ್ರ. ಬೈಯುವುದಕ್ಕೆ ಭಯವಿಲ್ಲ.

ರಜೆಯ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳು. ಶಿಕ್ಷಕರಿಗೆ ತಯಾರಿಯೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆ. ಬೇಸಿಗೆ, ದಸರೆಯ ರಜೆ ಇದೆ ಎಂಬ ಕಾರಣಕ್ಕೇ ಶಿಕ್ಷಕರ ಗಳಿಕೆ ರಜೆಯನ್ನು ವರ್ಷಕ್ಕೆ 10 ದಿನಕ್ಕೆ ಇಳಿಸಲಾಗಿದೆ; ಉಳಿದ ನೌಕರರಿಗೆ ಅದು 30. ಆ ರಜೆಯನ್ನು ನಗದು ಮಾಡಿಕೊಳ್ಳುವವರಿಗೆ ಈ ಇಪ್ಪತ್ತು ದಿನದ ಅಂತರ ಎಷ್ಟು ರೂಪಾಯಿ ಎಂಬುದು ಚೆನ್ನಾಗಿ ಗೊತ್ತು. ಅಂದರೆ ಊರು ಎಣಿಸುವ ರಜೆಗೆ ಮೇಷ್ಟ್ರು ಮೊದಲೇ ಬೆಲೆ ಕಟ್ಟಿದ್ದಾರೆ.

ಆ ರಜೆಯಾದರೂ ಪೂರ್ತಿ ಸಿಗುತ್ತದೆಯೇ? 2025ರ ದಸರೆಯನ್ನೇ ನೋಡಿ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಮನೆಮನೆಗೆ ಹೋಗಲು ಕಳಿಸಿದ್ದು ಶಿಕ್ಷಕರನ್ನು, ಸುಮಾರು 1.75 ಲಕ್ಷ ಜನರನ್ನು. ಆ್ಯಪ್ ತೆರೆಯಲಿಲ್ಲ, ಸರ್ವರ್ ಕೈಕೊಟ್ಟಿತು, ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಹಂಚಿದ ಮನೆಗಳು ಊರಿನ ಈ ಕೊನೆಗೊಂದು ಆ ಕೊನೆಗೊಂದು ಬಿದ್ದವು. ಗಡುವು ಮೀರಿತು. ಅಕ್ಟೋಬರ್ 18ರವರೆಗೆ ಶಾಲೆಗೆ ರಜೆ ಮುಂದುವರಿಸಿ ಶಿಕ್ಷಕರನ್ನು ಬೀದಿಯಲ್ಲೇ ಉಳಿಸಿದರು. ನಾಯಿ ಅಟ್ಟಿಸಿಕೊಂಡು ಬಂದ, ‘ನಿಮಗ್ಯಾಕ್ರೀ ನಮ್ಮ ಜಾತಿ’ ಎಂದು ಬಾಗಿಲು ಹಾಕಿದ ಮನೆಗಳ ಮುಂದೆ ನಿಂತವರು ಅವರೇ. ಅದೇ ಸಮಯದಲ್ಲಿ ಶಾಲೆಗೆ ಬೀಗ ಕಂಡ ಊರು ಹೇಳಿದ್ದು: ‘ನೋಡಿ, ಮೇಷ್ಟ್ರಿಗೆ ಮತ್ತೆ ರಜೆ.’ ಅದೇ ವರ್ಷದ ಮೇ ತಿಂಗಳಲ್ಲಿ, ಬೇಸಿಗೆ ರಜೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಸಮೀಕ್ಷೆಗೂ ಅವರನ್ನೇ ಕಳಿಸಲಾಗಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟಕ್ಕೆ ಮಾತ್ರ ವಿನಾಯಿತಿ. ಸಮೀಕ್ಷೆಗಳು ಬೇಕೋ ಬೇಡವೋ ಎಂಬುದು ಬೇರೆ ಮಾತು. ನನಗೆ ಬೇಕು ಎಂದೇ ಅನ್ನಿಸುತ್ತದೆ. ಆದರೆ ಹಳ್ಳಿಯಲ್ಲಿ ಸರ್ಕಾರ ಎಂದರೆ ಮೇಷ್ಟ್ರು ಎಂದಾದ ಮೇಲೆ, ಇಡೀ ಸರ್ಕಾರದ ಕೆಲಸ ಮಾಡಿಸಿಕೊಂಡು ಕಲಿಕೆಯ ಫಲಿತಾಂಶವನ್ನು ಮಾತ್ರ ಅವರೊಬ್ಬರ ಸಂಬಳದ ಎದುರು ತೂಗುವುದು ಯಾವ ನ್ಯಾಯ?

ವರ್ಷವಿಡೀ ಇದ್ದದ್ದೇ ಇನ್ನೊಂದು ಪಟ್ಟಿ: ಬಿಎಲ್‌ಒ ಆಗಿ ಮತದಾರರ ಪಟ್ಟಿ ತಿದ್ದುವುದು, ಸ್ಯಾಟ್ಸ್‌ನಲ್ಲಿ ದಾಖಲಾತಿ ತುಂಬುವುದು, ಆಧಾರ್ ಜೋಡಣೆ, ಸಮವಸ್ತ್ರ, ಶೂ, ವಿದ್ಯಾರ್ಥಿವೇತನ, ಹಾಲಿನ ಪುಡಿಯ ಲೆಕ್ಕ, ಅಕ್ಕಿ ಬೇಳೆಯ ದಾಸ್ತಾನು. ಇದರಲ್ಲಿ ಮೊಟ್ಟೆಯದ್ದೊಂದು ಕಥೆಯನ್ನು ಮಾತ್ರ ಹೇಳಬೇಕು. ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ 2024ರಿಂದ ವಾರಕ್ಕೆ ಆರು ದಿನ ಮಕ್ಕಳಿಗೆ ಮೊಟ್ಟೆ. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಒಂದು ಮೊಟ್ಟೆಗೆ ಕೊಡುವುದು 6 ರೂಪಾಯಿ. ಬೇಯಿಸುವ, ಸುಲಿಯುವ ಖರ್ಚೂ ಅದರಲ್ಲೇ. ಅಂಗಡಿಯಲ್ಲಿ ಮೊಟ್ಟೆಯೇ ಆರು ದಾಟಿದ ದಿನ ಏನು ಮಾಡುವುದು? ಮಕ್ಕಳಿಗೆ ಇಲ್ಲ ಎನ್ನುವಂತಿಲ್ಲ, ಬಾಳೆಹಣ್ಣು ಕೊಟ್ಟರೆ ವಿಚಾರಣೆ. ನೂರು ಮಕ್ಕಳ ಶಾಲೆಯಲ್ಲಿ ಮೊಟ್ಟೆಗೆ ಒಂದು ರೂಪಾಯಿ ಹೆಚ್ಚಾದರೆ ದಿನಕ್ಕೆ ನೂರು, ತಿಂಗಳಿಗೆ ಎರಡೂವರೆ ಸಾವಿರ. ಆ ಹಣ ಮುಖ್ಯ ಶಿಕ್ಷಕರ ಜೇಬಿನಿಂದ ಹೋಗುತ್ತದೆ. ಸಂಬಳ ಹೆಚ್ಚೆಂದು ಹೇಳುವವರು ಸಂಬಳದ ಈ ಸೋರಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

‘ಮೇಷ್ಟ್ರು ಶಾಲೆಗೇ ಬರಲ್ಲ’ ಎಂಬುದಕ್ಕೆ ಆಧಾರವೇ ಇಲ್ಲವೆಂದಲ್ಲ. ಎರಡು ದಶಕದ ಹಿಂದೆ ದೇಶದಾದ್ಯಂತ ಮುನ್ಸೂಚನೆಯಿಲ್ಲದೆ ಶಾಲೆಗಳಿಗೆ ಹೋಗಿ ಎಣಿಸಿದ ಅಧ್ಯಯನವೊಂದರಲ್ಲಿ ನಾಲ್ವರಲ್ಲಿ ಒಬ್ಬ ಶಿಕ್ಷಕ ಶಾಲೆಯಲ್ಲಿರಲಿಲ್ಲ. ಆ ಅಂಕಿ ಇವತ್ತಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ ಕೇಳಿತು: ಶಾಲೆಯಲ್ಲಿಲ್ಲದ ಶಿಕ್ಷಕ ಎಲ್ಲಿದ್ದಾರೆ? ಆಗ ಗೊತ್ತಾದದ್ದು, ಇಲ್ಲದವರಲ್ಲಿ ಹೆಚ್ಚಿನವರು ಮಂಜೂರಾದ ರಜೆಯಲ್ಲಿದ್ದರು, ಇಲ್ಲವೇ ಇಲಾಖೆಯೇ ಕಳಿಸಿದ ತರಬೇತಿಯಲ್ಲೋ ಕಚೇರಿ ಕೆಲಸದಲ್ಲೋ ಇದ್ದರು. ಕಾರಣವಿಲ್ಲದೆ ಚಕ್ಕರ್ ಹೊಡೆದವರು ಶೇ 2.5. ಅವರ ಮೇಲೆ ಕ್ರಮವಾಗಲಿ. ಚೀಟಿ ನಡೆಸುವ, ಸೈಟು ಮಾರುವ, ಬಡ್ಡಿಗೆ ಬಿಡುವ ಮೇಷ್ಟ್ರು ಪ್ರತಿ ತಾಲ್ಲೂಕಿನಲ್ಲೂ ಒಂದಿಷ್ಟು ಜನ ಇದ್ದಾರೆ, ಬಿಇಒ ಕಚೇರಿಯಲ್ಲಿ ಅವರ ಹೆಸರೂ ಗೊತ್ತಿರುತ್ತದೆ. ಅವರನ್ನು ಹಿಡಿಯಲಾಗದ ಇಲಾಖೆ ಎಲ್ಲರಿಗೂ ಮುಖ ತೋರಿಸಿ ಹಾಜರಿ ಹಾಕುವ ಆ್ಯಪ್ ತರುತ್ತದೆ. ಇನ್ನು ಮೇಷ್ಟ್ರ ಮಕ್ಕಳು ಕಾನ್ವೆಂಟಿಗೆ ಹೋಗುತ್ತಾರೆಂಬ ದೂರು. ಡಿಡಿಪಿಐ, ಜಿಲ್ಲಾಧಿಕಾರಿ, ಶಾಸಕ, ಅಂಕಣಕಾರ, ಇವರೆಲ್ಲರ ಮಕ್ಕಳು ಸರ್ಕಾರಿ ಶಾಲೆಗೆ ಬಂದ ದಿನ ಮೇಷ್ಟ್ರನ್ನೂ ಕೇಳೋಣ.

ಹತ್ತು ಸಾವಿರದ ಮಿಸ್ಸಿನ ಹೋಲಿಕೆ ಮಾತ್ರ ನನಗೆ ಸಿಟ್ಟು ತರಿಸುತ್ತದೆ. ತಾಲ್ಲೂಕು ಕೇಂದ್ರದ ಕಾನ್ವೆಂಟಿನಲ್ಲಿ ಬೆಳಗ್ಗೆ ಎಂಟೂವರೆಗೆ ಬಂದು, ವ್ಯಾನಿನಲ್ಲಿ ಮಕ್ಕಳನ್ನು ಎಣಿಸಿ, ಏಳು ಪೀರಿಯಡ್ ನಿಂತೇ ಪಾಠ ಹೇಳಿ, ಮನೆಗೆ ನೋಟ್‌ಬುಕ್ಕಿನ ಕಟ್ಟು ಹೊತ್ತು ಹೋಗುವ ಆ ಹೆಣ್ಣುಮಗಳಿಗೆ ಏಪ್ರಿಲ್ ಮೇ ತಿಂಗಳ ಸಂಬಳ ಸಿಗುತ್ತದೋ ಇಲ್ಲವೋ ಗ್ಯಾರಂಟಿ ಇಲ್ಲ. ಹೆರಿಗೆ ರಜೆ ಕೇಳಿದರೆ ಕೆಲಸವೇ ಹೋಗುತ್ತದೆ. ಕೆಲವೆಡೆ ಬ್ಯಾಂಕಿಗೆ ಪೂರ್ತಿ ಸಂಬಳ ಹಾಕಿ ಅರ್ಧವನ್ನು ನಗದಾಗಿ ವಾಪಸ್ ಪಡೆಯುವ ಪದ್ಧತಿಯೂ ಇದೆಯೆಂದು ಆ ಶಾಲೆಗಳಲ್ಲಿ ದುಡಿದವರು ಹೇಳುತ್ತಾರೆ. ಸಿಬಿಎಸ್‌ಇ ಮಾನ್ಯತೆಯ ನಿಯಮವೇ ಸರ್ಕಾರಿ ಶಿಕ್ಷಕರಿಗೆ ಸಮನಾದ ಸಂಬಳ ಕೊಡಬೇಕೆನ್ನುತ್ತದೆ. ಅದನ್ನು ಓದಿದವರು ಯಾರು, ಪಾಲಿಸಿದವರು ಯಾರು? ಈಕೆಯ ಹತ್ತು ಸಾವಿರ ಒಂದು ಅಪರಾಧದ ಸಾಕ್ಷಿ. ಅದನ್ನೇ ಅಳತೆಗೋಲು ಮಾಡಿಕೊಂಡು, ನಲವತ್ತೈದು ಪಡೆಯುವವರು ಹೆಚ್ಚು ತಿನ್ನುತ್ತಿದ್ದಾರೆ ಎನ್ನುವವರು ಮಾಲೀಕರ ವಕಾಲತ್ತು ವಹಿಸುತ್ತಿದ್ದಾರೆ. ಫೀಸಿನ ರಸೀದಿ ಹಿಡಿದುಕೊಂಡವರೇ ಲೆಕ್ಕ ಹಾಕಲಿ: ಒಂದು ತರಗತಿಯ ಮಕ್ಕಳ ಫೀಸನ್ನೆಲ್ಲ ಕೂಡಿಸಿದರೆ ಅದರಲ್ಲಿ ಮಿಸ್ಸಿಗೆ ಹೋಗುವುದು ಎಷ್ಟನೇ ಒಂದು ಪಾಲು?

ವಿದ್ಯಾವಂತ ವಿಮರ್ಶಕರ ಕೈಯಲ್ಲಿ ಇದಕ್ಕಿಂತ ಗಟ್ಟಿಯಾದ ಆಯುಧವೊಂದಿದೆ, ಅದನ್ನು ಎದುರಿಸದೆ ಹೋಗುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರದ ಹಳ್ಳಿ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ಕಾಯಂ ಶಿಕ್ಷಕರ ಸಂಬಳದ ಸುಮಾರು ಐದನೇ ಒಂದು ಭಾಗ ಪಡೆಯುವ ಗುತ್ತಿಗೆ ಶಿಕ್ಷಕರು ಕಲಿಕೆಯ ವಿಷಯದಲ್ಲಿ ಕಾಯಂನವರಿಗೆ ಕಡಿಮೆಯಿರಲಿಲ್ಲ ಎಂದು ಅವರು ತೋರಿಸಿದರು. ಇಂಡೊನೇಷ್ಯಾದಲ್ಲಿ ಇದೇ ಮುರಳೀಧರನ್ ಮತ್ತಿತರರು ಮಾಡಿದ ಇನ್ನೊಂದು ಅಧ್ಯಯನ, ಸೇವೆಯಲ್ಲಿರುವ ಶಿಕ್ಷಕರ ಮೂಲ ಸಂಬಳ ದುಪ್ಪಟ್ಟು ಮಾಡಿದರೂ ಮಕ್ಕಳ ಕಲಿಕೆ ಒಂದಿಷ್ಟೂ ಮೇಲೇಳಲಿಲ್ಲ ಎಂದಿತು. ಎರಡೂ ಗಂಭೀರ ಕೆಲಸ, ತಳ್ಳಿಹಾಕುವಂಥದ್ದಲ್ಲ.

ಆದರೆ ಅವು ಹೇಳುವುದೇನು? ಆಂಧ್ರದಲ್ಲಿ ಮಕ್ಕಳಿಗೆ ಲಾಭವಾದದ್ದು ಶಾಲೆಗೆ ಇನ್ನೊಬ್ಬ ಶಿಕ್ಷಕ ಹೆಚ್ಚುವರಿಯಾಗಿ ಬಂದದ್ದರಿಂದ. ಕಾಯಂ ಹುದ್ದೆ ಖಾಲಿ ಇಟ್ಟು ಆ ಜಾಗದಲ್ಲಿ ಅಗ್ಗದವರನ್ನು ಕೂರಿಸಿದ ಪ್ರಯೋಗ ಅದಾಗಿರಲಿಲ್ಲ. ಕರ್ನಾಟಕ ಮಾಡುತ್ತಿರುವುದು ಎರಡನೆಯದನ್ನು. ಕೆನ್ಯಾದಲ್ಲಿ ಗುತ್ತಿಗೆ ಶಿಕ್ಷಕರ ಯೋಜನೆಯನ್ನು ಒಂದು ಸ್ವಯಂಸೇವಾ ಸಂಸ್ಥೆ ನಡೆಸಿದಾಗ ಮಕ್ಕಳು ಕಲಿತರು. ಅದೇ ಯೋಜನೆ ಸರ್ಕಾರದ ಕೈಗೆ ಹೋದಾಗ ಲಾಭ ಸೊನ್ನೆಯಾಯಿತು. ಈ ಸಂಶೋಧನೆಯನ್ನು ನಮ್ಮ ಅಂಕಣಕಾರರು ಉಲ್ಲೇಖಿಸಿದ್ದು ನಾನು ಕಂಡಿಲ್ಲ. ಇಂಡೊನೇಷ್ಯಾದ್ದು ಆಗಲೇ ಕೆಲಸದಲ್ಲಿದ್ದವರ ಮೇಲಿನ, ಎರಡು ಮೂರು ವರ್ಷದ ಅಳತೆ. ಒಳ್ಳೆಯ ಸಂಬಳ ಇದೆಯೆಂದು ಮುಂದಿನ ಪೀಳಿಗೆಯಲ್ಲಿ ಯಾರು ಶಿಕ್ಷಕರಾಗಲು ಬರುತ್ತಾರೆ ಎಂಬುದನ್ನು ಅಷ್ಟರಲ್ಲಿ ಅಳೆಯಲು ಬರುವುದಿಲ್ಲ. ಸಂಬಳ ಏರಿಸಿದ ಮಾರನೇ ದಿನ ಮಗ್ಗಿ ಬರಲಿಲ್ಲವೆಂಬ ಕಾರಣಕ್ಕೆ ಸಂಬಳವೇ ಅನ್ಯಾಯ ಎನ್ನುವುದಾದರೆ, ಆ ತರ್ಕವನ್ನು ನ್ಯಾಯಾಧೀಶರಿಗೂ ಎಂಜಿನಿಯರುಗಳಿಗೂ ಹಚ್ಚಿ ನೋಡಬೇಕು. ರಸ್ತೆ ಗುಂಡಿ ಬಿದ್ದಾಗ ಎಂಜಿನಿಯರನ ಸಂಬಳ ಐದರಲ್ಲಿ ಒಂದು ಪಾಲಾಗಲಿ ಎಂದವರುಂಟೆ?

‘ಒಂದು ಹುದ್ದೆಗೆ ಇಷ್ಟು ಜನ ಸಾಲು ನಿಲ್ಲುತ್ತಾರೆ ಅಂದರೆ ಸಂಬಳ ಬೇಕಾದ್ದಕ್ಕಿಂತ ಹೆಚ್ಚೇ ಇದೆ’ ಎಂಬ ಮಾರುಕಟ್ಟೆಯ ವಾದವೂ ಕೇಳಿಬರುತ್ತದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆದರು. ಆಯ್ಕೆ ಪಟ್ಟಿಗೆ ಬಂದವರು 13,363 ಜನ. ಸಾಲು ಉದ್ದವಿತ್ತು, ಅರ್ಹತೆಯ ಗೆರೆ ದಾಟಿದವರು ಇದ್ದ ಹುದ್ದೆಗೂ ಸಾಲಲಿಲ್ಲ. ಆ ನೇಮಕಾತಿಯೇ ಒಂದು ಪುರಾಣ. ಮದುವೆಯಾದ ಹೆಣ್ಣುಮಕ್ಕಳು ಜಾತಿ–ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಲ್ಲಿ ತರಬೇಕೋ ಗಂಡನ ಹೆಸರಲ್ಲೋ ಎಂಬ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲು ಹತ್ತಿ, 2022ರ ಮೇ ತಿಂಗಳಲ್ಲಿ ಪರೀಕ್ಷೆ ಬರೆದವರ ಕೈಗೆ ಆದೇಶ ಸಿಕ್ಕಿದ್ದು 2023ರ ಕೊನೆಯ ತಿಂಗಳುಗಳಲ್ಲಿ. ಇದೇ ರಾಜ್ಯದಲ್ಲಿ 1990ರ ದಶಕದ ನಡುವೆ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಲಕ್ಷದ ಹತ್ತಿರ ಶಿಕ್ಷಕರನ್ನು, ಯಾರ ಮನೆ ಬಾಗಿಲಿಗೂ ಲಕೋಟೆ ಹೋಗದಂತೆ, ಅಂಕದ ಆಧಾರದಲ್ಲೇ ನೇಮಿಸಿದ್ದರು. ಆ ತಲೆಮಾರು ಈಗ ನಿವೃತ್ತಿಯಾಗುತ್ತಿದೆ. ಅವರು ಬಿಟ್ಟುಹೋಗುವ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದೇ ಸಂಬಳದ ನಿಜವಾದ ಪ್ರಶ್ನೆ, ಊರು ಕೇಳದಿರುವ ಪ್ರಶ್ನೆ.

ಕೂರುವವರು ಅತಿಥಿ ಶಿಕ್ಷಕರು. ರಾಜ್ಯದ ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗಳಲ್ಲಿ ಅರ್ಧ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ. ಆ ಜಾಗದಲ್ಲಿ ಪ್ರತಿ ವರ್ಷ ಸುಮಾರು 50 ಸಾವಿರ ಅತಿಥಿಗಳು. ಮೊನ್ನೆ ಮೊನ್ನೆಯವರೆಗೂ ಪ್ರಾಥಮಿಕ ಶಾಲೆಯಲ್ಲಿ ಇವರಿಗೆ ತಿಂಗಳಿಗೆ 10,000, ಪ್ರೌಢಶಾಲೆಯಲ್ಲಿ 10,500 ರೂಪಾಯಿ. 2025ರ ಬಜೆಟ್ಟಿನಲ್ಲಿ ತಲಾ 2,000 ಹೆಚ್ಚಿಸಿದರು. ಅದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. 12 ಸಾವಿರವನ್ನು ಇಪ್ಪತ್ತಾರು ದಿನಕ್ಕೆ ಹಂಚಿದರೆ ದಿನಕ್ಕೆ 461 ರೂಪಾಯಿ. ಅದೇ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370. ಡಿಇಡಿ, ಬಿಇಡಿ ಮುಗಿಸಿ ಟಿಇಟಿ ಬರೆದವರಿಗೂ ಕೆರೆಯ ಹೂಳೆತ್ತುವವರಿಗೂ ಸರ್ಕಾರದ ಲೆಕ್ಕದಲ್ಲಿ ಇರುವ ಅಂತರ ತೊಂಬತ್ತು ರೂಪಾಯಿ. ಹೂಳೆತ್ತುವ ಕೆಲಸ ಹಗುರ ಎಂಬುದು ನನ್ನ ಮಾತಲ್ಲ. ಅಲ್ಲಿಯ ಕೂಲಿಯೂ ಕಡಿಮೆಯೇ. ಊರಿನ ಗಾರೆ ಕೆಲಸದವರು ಈ ಎರಡನ್ನೂ ಕೇಳಿದರೆ ನಗುತ್ತಾರೆ.

ವರ್ಷದಲ್ಲಿ ಹತ್ತು ತಿಂಗಳು ಮಾತ್ರ ಈ ಹಣ. ಶಾಲೆ ಮುಚ್ಚಿತೆಂದರೆ ಅತಿಥಿ ಅತಿಥಿಯೂ ಅಲ್ಲ. ಜೂನ್‌ನಲ್ಲಿ ಮತ್ತೆ ಆದೇಶ ಬರಬೇಕು, ಅರ್ಜಿ ಹಾಕಬೇಕು, ಎಸ್‌ಡಿಎಂಸಿಯವರ ಮುಖ ನೋಡಬೇಕು. ವರ್ಗಾವಣೆಯಲ್ಲಿ ಕಾಯಂ ಶಿಕ್ಷಕರೊಬ್ಬರು ಆ ಶಾಲೆಗೆ ಬಂದರೆ ಅದೇ ಮಧ್ಯಾಹ್ನ ಇವರು ಮನೆಗೆ. ದುಡಿದ ತಿಂಗಳ ಹಣವೂ ‘ಅನುದಾನ ಬಿಡುಗಡೆಯಾಗಿಲ್ಲ’ ಎಂಬ ಮಾತಿನಡಿ ಮೂರು ನಾಲ್ಕು ತಿಂಗಳು ಕೂತು, ಒಟ್ಟಿಗೆ ಬರುತ್ತದೆ. ಅಷ್ಟು ದಿನ ಬಸ್ ಚಾರ್ಜಿಗೆ ಸಾಲ. ಹತ್ತು ಹದಿನೈದು ವರ್ಷದಿಂದ ಹೀಗೇ ಬಂದು ಹೋಗುತ್ತಿರುವವರಿದ್ದಾರೆ, ವಯೋಮಿತಿ ದಾಟಿ ಇನ್ನು ಯಾವ ನೇಮಕಾತಿಗೂ ಅರ್ಜಿ ಹಾಕಲಾರದವರು. ರಾಯಚೂರು, ಯಾದಗಿರಿ ಕಡೆಯ ಕೆಲವು ಊರುಗಳಲ್ಲಿ ಶಾಲೆಯ ಬಾಗಿಲು ತೆರೆಯುವುದೇ ಇವರು. ಅಲ್ಲಿನ ಮಕ್ಕಳಿಗೆ ಅಕ್ಕೋರು ಅಂದರೆ ಇವರೇ. ಕಾಯಂ, ಅತಿಥಿ ಎಂಬ ಭೇದ ಒಂದನೇ ತರಗತಿಯ ಮಗುವಿಗೆ ಗೊತ್ತಿಲ್ಲ. ಅದೇ ನಲಿಕಲಿ ಕೋಣೆ, ಅದೇ ಕಾರ್ಡುಗಳು, ಅದೇ ಮಕ್ಕಳು. ಸಂಬಳ ಮಾತ್ರ ಒಂದು ಕೋಣೆಯಲ್ಲಿ ಐವತ್ತು ಸಾವಿರ, ಪಕ್ಕದ ಕೋಣೆಯಲ್ಲಿ ಹನ್ನೆರಡು. ಸರ್ಕಾರಿ ಶಿಕ್ಷಕರಿಗೆ ನ್ಯಾಯವಾದ ಸಂಬಳ ಸಿಗುತ್ತಿದೆಯೇ ಎಂದು ಕೇಳಿದರೆ ಉತ್ತರ ಕೋಣೆಯಿಂದ ಕೋಣೆಗೆ ಬದಲಾಗುತ್ತದೆ. ಎಲ್ಲ ಮೇಷ್ಟ್ರಿಗೂ ಜಾಸ್ತಿಯಾಯಿತೆಂಬ ಮಾತಿನ ಸದ್ದಿನಲ್ಲಿ ಎರಡನೇ ಕೋಣೆ ಕಾಣದೇ ಹೋಗುತ್ತದೆ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ, ತೊದಲುತ್ತಿದೆ. 2006ರಲ್ಲಿ ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದಲ್ಲಿ, ಕ್ರಮಬದ್ಧ ನೇಮಕಾತಿಯಿಲ್ಲದೆ ಸೇರಿದವರು ಕಾಯಂ ಆಗುವ ಹಕ್ಕು ಕೇಳುವಂತಿಲ್ಲ ಎಂದಿತು. ಆ ಪ್ರಕರಣ ನಮ್ಮ ಕರ್ನಾಟಕದ್ದೇ. ಹಿತ್ತಲ ಬಾಗಿಲ ನೇಮಕಾತಿ ನಿಲ್ಲಿಸಲು ಬಂದ ತೀರ್ಪನ್ನು ಸರ್ಕಾರಗಳು ಬೇರೆಯದಕ್ಕೆ ಬಳಸಿಕೊಂಡವು: ಮುಂಬಾಗಿಲು ಮುಚ್ಚಿಟ್ಟರು, ಹಿತ್ತಲಲ್ಲಿ ನಿಂತವರಿಗೆ ಉಮಾದೇವಿ ತೀರ್ಪು ತೋರಿಸಿದರು. 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ವೇತನ ಶ್ರೇಣಿಯ ಕನಿಷ್ಠವನ್ನಾದರೂ ಕೊಡಬೇಕೆಂದಿತು. 2019ರಲ್ಲಿ ಬಿಹಾರದ ಲಕ್ಷಾಂತರ ನಿಯೋಜಿತ ಶಿಕ್ಷಕರು ಸಮಾನ ವೇತನ ಕೇಳಿದಾಗ ಇಲ್ಲವೆಂದಿತು. 2025ರಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ಸಭೆಗಳಲ್ಲಿ ಗುರುಬ್ರಹ್ಮ ಶ್ಲೋಕ ಹೇಳಿದರಷ್ಟೇ ಸಾಲದು ಎಂಬರ್ಥದ ಮಾತಾಡಿತು. ನಮ್ಮಲ್ಲಿ ಸೆಪ್ಟೆಂಬರ್ 5ರಂದು ಶ್ಲೋಕ, ಹಾರ, ಶಾಲು ಎಲ್ಲ ಕ್ರಮವಾಗಿ ನಡೆಯುತ್ತವೆ. ಅತಿಥಿ ಶಿಕ್ಷಕರು ಆವತ್ತು ಕುರ್ಚಿ ಹಾಕುವ ಕೆಲಸದಲ್ಲಿರುತ್ತಾರೆ.

ಕಾಯಂ ಶಿಕ್ಷಕರ ಸಂಘಗಳನ್ನೂ ಇಲ್ಲಿ ಬಿಡುವಂತಿಲ್ಲ. ಅವರ ಬೇಡಿಕೆಗಳಲ್ಲಿ ನ್ಯಾಯವಿದೆ. ಒಂದರಿಂದ ಏಳನೇ ತರಗತಿಗೆಂದು ನೇಮಕವಾದವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಇಳಿಸಿತು. ಪದವಿ ಇದ್ದವರೂ ಬಡ್ತಿಗೆ ಹೊರಗಾದರು. 2024ರ ಆಗಸ್ಟ್‌ನಲ್ಲಿ ಫ್ರೀಡಂ ಪಾರ್ಕ್ ತುಂಬಿದ್ದು ಅದಕ್ಕೇ. ಹಳೆ ಪಿಂಚಣಿಯ ಹೋರಾಟವೂ ನ್ಯಾಯವಾದದ್ದೇ. ಆದರೆ ಅದೇ ಶಾಲೆಯ ಪಕ್ಕದ ಕೋಣೆಯ ಹನ್ನೆರಡು ಸಾವಿರಕ್ಕಾಗಿ ಅವರು ಒಂದು ದಿನ ಬೀಗ ಹಾಕಿದ್ದು ನೆನಪಿಲ್ಲ. ಅತಿಥಿಗಳು ಧರಣಿ ಕೂತಾಗ ಬೆಂಬಲದ ಪತ್ರ ಬರುತ್ತದೆ, ಜನ ಬರುವುದಿಲ್ಲ. ಈ ಮೌನಕ್ಕೆ ಬೆಲೆ ತೆರಬೇಕಾಗುತ್ತದೆ. ಐವರಲ್ಲಿ ಒಬ್ಬರ ಕೆಲಸವನ್ನು ಕಾಲುಭಾಗ ಹಣಕ್ಕೆ ಮಾಡಿಸಿಕೊಳ್ಳಬಹುದು ಎಂದು ಆರ್ಥಿಕ ಇಲಾಖೆಗೆ ಒಮ್ಮೆ ರುಚಿ ಹತ್ತಿದ ಮೇಲೆ, ಉಳಿದ ನಾಲ್ವರ ಸಂಬಳದ ಮೇಲೆ ಕಣ್ಣು ಬೀಳಲು ಎಷ್ಟು ಹೊತ್ತು?

ಕಾಯಂನವರಿಗೆ ಕೊಡುವುದರಲ್ಲೂ ಒಂದು ವಿಚಿತ್ರವಿದೆ. ಮನೆ ಬಾಡಿಗೆ ಭತ್ಯೆ ಏಳನೇ ಆಯೋಗದ ನಂತರ ಬೆಂಗಳೂರಿನಲ್ಲಿ ಮೂಲವೇತನದ ಶೇ 20, ಹಳ್ಳಿಯಲ್ಲಿ ಶೇ 7.5. ಬಾಡಿಗೆಯ ದರ ನೋಡಿದರೆ ಸರಿಯೇ. ಆದರೆ ಬಸ್ಸಿಲ್ಲದ, ಮನೆ ಸಿಗದ, ಸ್ವಂತ ಮಕ್ಕಳಿಗೆ ಪ್ರೌಢಶಾಲೆಯಿಲ್ಲದ ಊರಿನ ಏಕೋಪಾಧ್ಯಾಯ ಶಾಲೆಗೆ ಹೋಗುವ ಶಿಕ್ಷಕಿಗೆ ಬೆಂಗಳೂರಿನವರಿಗಿಂತ ತಿಂಗಳಿಗೆ ಐದು ಸಾವಿರ ಕಡಿಮೆ. ಕಲ್ಯಾಣ ಕರ್ನಾಟಕದ ಶಾಲೆಗಳಿಂದ ಶಿಕ್ಷಕರು ವರ್ಗಾವಣೆಗೆ ಕಾಯುವುದೇಕೆ ಎಂದು ಸಮಿತಿ ಮಾಡಿ ಕಂಡುಹಿಡಿಯಬೇಕಾಗಿಲ್ಲ. ಕಷ್ಟದ ಊರಿಗೆ ಹೆಚ್ಚು ಭತ್ಯೆ ಕೊಟ್ಟು ನೋಡಲಿ.

ಹಣ ಎಲ್ಲಿದೆ ಎಂಬ ಕೊನೆಯ ಪ್ರಶ್ನೆಗೆ ಬರೋಣ. 50 ಸಾವಿರ ಅತಿಥಿ ಶಿಕ್ಷಕರಿಗೆ ಹತ್ತು ತಿಂಗಳು ತಲಾ 12 ಸಾವಿರದಂತೆ ಈಗ ಆಗುವ ಖರ್ಚು ವರ್ಷಕ್ಕೆ ಸುಮಾರು 600 ಕೋಟಿ. ಜಗಜಿತ್ ಸಿಂಗ್ ತೀರ್ಪಿನಂತೆ ಅವರಿಗೆ ಶ್ರೇಣಿಯ ಕನಿಷ್ಠವಾದ 41 ಸಾವಿರವನ್ನು ಹನ್ನೆರಡೂ ತಿಂಗಳು ಕೊಟ್ಟರೆ ಸುಮಾರು 2,460 ಕೋಟಿ. ಹೆಚ್ಚುವರಿ ಬೇಕಾದದ್ದು 1,900 ಕೋಟಿಗಿಂತ ಕಡಿಮೆ. 2025–26ರ ರಾಜ್ಯ ಬಜೆಟ್ 4.09 ಲಕ್ಷ ಕೋಟಿ ರೂಪಾಯಿಯದು. ನೂರು ರೂಪಾಯಿಯಲ್ಲಿ ಐವತ್ತು ಪೈಸೆಯೂ ಆಗಲಿಲ್ಲ. ಅತಿಥಿಗಳಿಗೆ 2,000 ಏರಿಸಿದ ಆ ಬಜೆಟ್ ಅಧಿವೇಶನದಲ್ಲೇ, 2025ರ ಮಾರ್ಚ್‌ನಲ್ಲಿ, ಶಾಸಕರ ಮಾಸಿಕ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯವರದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಗದ್ದಲದ ನಡುವೆ, ಚರ್ಚೆಯಿಲ್ಲದೆ ಪಾಸಾದವು.